ಪಾತ್ರದಾಟವೂ ಅಂತರ್ಜಾಲವೂ

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ – ಭೂಪಟದ ಮೇಲೆ ಈ ನಾಲ್ಕು ಊರುಗಳನ್ನು ಒಂದು ಅಂಗೈ ಮುಚ್ಚಬಲ್ಲುದು. ಆದರೆ ಭಾನುವಾರದ ಸಂಜೆ ಒಂದೊಂದು ಊರಿನಿಂದ ಒಬ್ಬೊಬ್ಬ ವಿದ್ಯಾರ್ಥಿ ಹೊರಟು, ಒಂದೆಡೆ ಕಲೆತು, ಮೂರು ಗಂಟೆ ಕುಳಿತು, ರಾತ್ರಿಯ ಊಟದ ಹೊತ್ತಿಗೆ ಮನೆ ಸೇರಬೇಕೆಂದರೆ ಭೂಪಟದ ಸಾಮೀಪ್ಯ ನೆರವಿಗೆ ಬರುವುದಿಲ್ಲ. ರಾಮನಗರವೂ ಚನ್ನಪಟ್ಟಣವೂ ಬೆಂಗಳೂರು–ಮೈಸೂರು ರೈಲುದಾರಿಯ ಮೇಲಿವೆ. ಕನಕಪುರಕ್ಕೂ ಮಾಗಡಿಗೂ ರೈಲಿಲ್ಲ. ಪಿ.ಯು.ಸಿ. ಮುಗಿಯಿತೆಂದರೆ ಗೆಳೆಯರ ಕೂಟ ಮತ್ತಷ್ಟು ಚದರುತ್ತದೆ: ಒಬ್ಬನು ಮೈಸೂರಿನ ಹಾಸ್ಟೆಲಿಗೆ, ಒಬ್ಬಳು ಬೆಂಗಳೂರಿನ ಕಾಲೇಜಿಗೆ, ಮತ್ತೊಬ್ಬನು ಮನೆಯಲ್ಲೇ ಉಳಿದು ಹಿಪ್ಪುನೇರಳೆ ತೋಟದ ಕೆಲಸಕ್ಕೆ. ಇಂಥವರು ವಾರವಾರವೂ ಕೂಡಿ ತಿಂಗಳುಗಟ್ಟಲೆ ನಡೆಸಬೇಕಾದ ಆಟವೊಂದನ್ನು ಕೈಗೆತ್ತಿಕೊಳ್ಳುವುದು ಸಾಧ್ಯವೆ? ಸಾಧ್ಯವೆಂದು ನಾವು ಹೇಳುತ್ತೇವೆ. ಅಂತರ್ಜಾಲದ ಸಾಧನಗಳು ಅದನ್ನು ಸಾಧ್ಯಮಾಡಿವೆ. ಆದರೆ ಆ ಸಾಧನಗಳಿಗೆ ಯಾವ ಕೆಲಸವನ್ನು ಒಪ್ಪಿಸಬೇಕು, ಯಾವುದನ್ನು ಒಪ್ಪಿಸಬಾರದು ಎಂಬುದನ್ನು ಆಡುವವರು ಮೊದಲೇ ಯೋಚಿಸಿಕೊಳ್ಳದಿದ್ದರೆ ಆಟದ ಹೆಸರು ಮಾತ್ರ ಉಳಿದು ಆಟವೇ ಕೈಬಿಟ್ಟುಹೋಗುವ ಸಂಭವವುಂಟು. ಈ ಲೇಖನದ ವಿಚಾರ ಇಷ್ಟೇ.

ಆಟದ ಸ್ವರೂಪ

ನಾವು ಹೇಳಹೊರಟಿರುವುದು ಇಂಗ್ಲಿಷಿನಲ್ಲಿ ‘ಟೇಬಲ್‌ಟಾಪ್ ರೋಲ್‌ಪ್ಲೇಯಿಂಗ್’ ಎಂದು ಕರೆಯುವ ಆಟವನ್ನು. ಕನ್ನಡದಲ್ಲಿ ಇದನ್ನು ಪಾತ್ರದಾಟವೆಂದು ಕರೆಯೋಣ. ಕರಾವಳಿ, ಮಲೆನಾಡು ಮತ್ತು ಕಾಸರಗೋಡಿನ ಕಡೆಯ ತಾಳಮದ್ದಳೆಯನ್ನು ಕೇಳಿದವರಿಗೆ ಇದರ ಸ್ವರೂಪವನ್ನು ಬಹಳ ವಿವರಿಸಬೇಕಾಗಿಲ್ಲ. ತಾಳಮದ್ದಳೆಯಲ್ಲಿ ವೇಷವಿಲ್ಲ, ಕುಣಿತವಿಲ್ಲ. ಅರ್ಥಧಾರಿಗಳು ಕುಳಿತಲ್ಲಿಂದಲೇ ಕೃಷ್ಣನಾಗುತ್ತಾರೆ, ಕರ್ಣನಾಗುತ್ತಾರೆ. ಪ್ರಸಂಗ ಮೊದಲೇ ಗೊತ್ತು. ಭಾಗವತರು ಪದ್ಯವನ್ನು ಹಾಡುತ್ತಾರೆ. ಮಾತು ಮಾತ್ರ ಆ ಹೊತ್ತಿನಲ್ಲಿ ಹುಟ್ಟಿದ್ದು. ಪಾತ್ರದಾಟದಲ್ಲೂ ಭಾಗವತರಂತೆ ಕಥೆಯನ್ನು ನಡೆಸುವ ಒಬ್ಬ ಸೂತ್ರಧಾರನಿರುತ್ತಾನೆ. ಉಳಿದ ನಾಲ್ಕೈದು ಮಂದಿ ಒಂದೊಂದು ಪಾತ್ರವನ್ನು ವಹಿಸುತ್ತಾರೆ. ಭೇದವಿರುವುದು ಎರಡು ಅಂಶಗಳಲ್ಲಿ. ಇಲ್ಲಿ ಕಥೆಯ ಕೊನೆ ಯಾರಿಗೂ ಗೊತ್ತಿಲ್ಲ. ಪಾತ್ರವೊಂದು ಕೈಹಾಕಿದ ಕಾರ್ಯ ಫಲಿಸುವುದೋ ಕೆಡುವುದೋ ಸಂದೇಹವಾದಾಗ ದಾಳ ಅದನ್ನು ತೀರ್ಮಾನಿಸುತ್ತದೆ.

ಒಂದು ನಿದರ್ಶನವನ್ನು ನೋಡೋಣ. ಮಾಗಡಿಯ ಬಳಿಯ ಸಾವನದುರ್ಗ ೧,೨೨೬ ಮೀಟರ್ ಎತ್ತರದ ಹೆಬ್ಬಂಡೆ. ೧೭೯೧ರ ಡಿಸೆಂಬರಿನಲ್ಲಿ ಕಾರ್ನ್‌ವಾಲಿಸನ ಸೈನ್ಯ ಆ ಕೋಟೆಯನ್ನು ಮುತ್ತಿ ಹಿಡಿದುಕೊಂಡಿತು. ಆ ಮುತ್ತಿಗೆಯ ಒಂದು ರಾತ್ರಿಯನ್ನು ಸೂತ್ರಧಾರ ಆರಿಸಿಕೊಂಡಿದ್ದಾನೆನ್ನಿ. ಕೋಟೆಯೊಳಗಿನ ನಾಲ್ವರು ಒಂದು ಪತ್ರವನ್ನು ಹೊರಗೆ ಸಾಗಿಸಬೇಕಾಗಿದೆ. “ಬಂಡೆಯ ಮೇಲೆ ಇಬ್ಬನಿ ಬಿದ್ದಿದೆ, ಕೆಳಗೆ ಕಾವಲಿನ ಬೆಂಕಿ ಕಾಣುತ್ತಿದೆ, ಏನು ಮಾಡುತ್ತೀರಿ?” ಎಂದು ಸೂತ್ರಧಾರ ಕೇಳುತ್ತಾನೆ. “ಪತ್ರವನ್ನು ಪೇಟದಲ್ಲಿ ಸುತ್ತಿಕೊಂಡು ಬಂಡೆಯ ಬಿರುಕಿನಲ್ಲಿ ಇಳಿಯುತ್ತೇನೆ” ಎನ್ನುತ್ತಾಳೆ ಒಬ್ಬಳು. ಇಪ್ಪತ್ತು ಮುಖದ ದಾಳದಲ್ಲಿ ೧೨ ಅಥವಾ ಅದಕ್ಕಿಂತ ಹೆಚ್ಚು ಬಿದ್ದರೆ ಇಳಿದಳೆಂದು ಲೆಕ್ಕ. ೧೨ರಿಂದ ೨೦ರವರೆಗೆ ಒಂಬತ್ತು ಸಂಖ್ಯೆಗಳಿರುವುದರಿಂದ ಅವಳಿಗಿರುವ ಅವಕಾಶ ನೂರಕ್ಕೆ ೪೫. ಆಕೆ ಬಂಡೆ ಹತ್ತುವುದರಲ್ಲಿ ನುರಿತವಳೆಂದು ಮೊದಲೇ ಬರೆದುಕೊಂಡಿದ್ದು, ಆ ಕಾರಣಕ್ಕೆ ಬಿದ್ದ ಸಂಖ್ಯೆಗೆ ೩ನ್ನು ಕೂಡಿಸಿಕೊಳ್ಳಬಹುದಾದರೆ ೯ ಬಿದ್ದರೂ ಸಾಕು. ಅವಕಾಶ ನೂರಕ್ಕೆ ೬೦ಕ್ಕೆ ಏರುತ್ತದೆ. ಸಂಭಾವ್ಯತೆಯ ಪಾಠವನ್ನು ಇದಕ್ಕಿಂತ ಹಿತವಾಗಿ ಕಲಿಸುವ ಪಠ್ಯಪುಸ್ತಕವನ್ನು ನಾವು ಕಂಡಿಲ್ಲ.

ಈ ಆಟ ಅಚ್ಚಾಗಿ ಹೊರಬಂದದ್ದು ೧೯೭೪ರಲ್ಲಿ. ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಎಂಬಿಬ್ಬರು ಆ ವರ್ಷ ‘ಡಂಜನ್ಸ್ ಅಂಡ್ ಡ್ರಾಗನ್ಸ್’ ಎಂಬ ನಿಯಮಾವಳಿಯನ್ನು ಪ್ರಕಟಿಸಿದರು. ಒಂದೇ ಪಾತ್ರಗಳನ್ನಿಟ್ಟುಕೊಂಡು, ಒಂದು ಕೂಟದಲ್ಲಿ ನಿಂತ ಕಥೆಯನ್ನು ಮುಂದಿನ ಕೂಟದಲ್ಲಿ ಮುಂದುವರಿಸುತ್ತ, ತಿಂಗಳುಗಳವರೆಗೆ ಬೆಳೆಸುವ ಸರಣಿಗೆ ‘ಕ್ಯಾಂಪೇನ್’ ಎಂದು ಹೆಸರು. ನಾವು ಅದನ್ನು ಕಥಾಮಾಲೆಯೆನ್ನೋಣ. ಒಂದು ಸಂಜೆಯ ಆಟ ಮನರಂಜನೆ. ಕಥಾಮಾಲೆಯಾದರೋ ಐವರು ಸೇರಿ ಕಟ್ಟುವ ಒಂದು ಲೋಕ.

ಕಥಾಮಾಲೆ ಏಕೆ ನಿಲ್ಲುತ್ತದೆ?

ಕಥಾಮಾಲೆಗಳು ಬಹುತೇಕ ಕೊನೆ ಮುಟ್ಟುವುದಿಲ್ಲ. ಕಲ್ಪನೆ ಬತ್ತಿ ನಿಂತುಹೋಗುವುದು ಅಪರೂಪ. ನಿಲ್ಲಿಸುವುದು ಬೇರೆ ಮೂರು ಭಾರಗಳು. ಮೊದಲನೆಯದು ದಿನಗೊತ್ತು. ಐವರಿಗೂ ಬಿಡುವಿರುವ ಹೊತ್ತನ್ನು ಹುಡುಕುವುದು ಕಷ್ಟ. ಒಬ್ಬೊಬ್ಬರಿಗೂ ಐದು ವಾರಕ್ಕೊಮ್ಮೆ ಅಡ್ಡಿ ಬರುವುದೆಂದೂ ಒಬ್ಬರ ಅಡ್ಡಿಗೆ ಮತ್ತೊಬ್ಬರ ಅಡ್ಡಿಯ ಸಂಬಂಧವಿಲ್ಲವೆಂದೂ ಇಟ್ಟುಕೊಂಡರೆ, ಐವರೂ ಕೂಡುವ ಸಂಭಾವ್ಯತೆ ನಾಲ್ಕೈದನೆಯ ಭಾಗವನ್ನು ಐದು ಸಲ ಗುಣಿಸಿದಷ್ಟು, ಎಂದರೆ ನೂರಕ್ಕೆ ಸುಮಾರು ೩೩. ಮೂರು ವಾರದಲ್ಲಿ ಎರಡು ವಾರ ಯಾರಾದರೊಬ್ಬರು ತಪ್ಪಿಯೇ ತಪ್ಪುತ್ತಾರೆ. ಎರಡನೆಯ ಭಾರ ನೆನಪು. ಒಂದೂವರೆ ತಿಂಗಳ ಹಿಂದೆ ಕನಕಪುರದ ಸಂತೆಯಲ್ಲಿ ಭೇಟಿಯಾದ ಮುದುಕನ ಹೆಸರೇನು, ಅವನು ಕೊಟ್ಟ ಉಂಗುರ ಯಾರ ಬಳಿಯಿದೆ? ಮೂರನೆಯದು ಲೆಕ್ಕ: ಪಾತ್ರಗಳ ಬಲ, ಗಾಯ, ಚೀಲದಲ್ಲಿರುವ ಸರಕು, ನಡೆದ ದೂರ.

ಈ ಮೂರು ಭಾರಗಳನ್ನು ಹೊರುವುದರಲ್ಲಿ ಅಂತರ್ಜಾಲದ ಸಾಧನಗಳಿಗೆ ಸಮನಾದುದು ಬೇರೊಂದಿಲ್ಲ. ಎಲ್ಲರೂ ತಮ್ಮ ಬಿಡುವನ್ನು ಗುರುತಿಸುವ ಹಂಚಿಕೆಯ ಹಾಳೆಯೊಂದು ದಿನಗೊತ್ತಿನ ಚರ್ಚೆಯನ್ನು ಎರಡು ನಿಮಿಷಕ್ಕೆ ಇಳಿಸುತ್ತದೆ. ೨೦೧೫ರಲ್ಲಿ ಬಂದ ಡಿಸ್ಕಾರ್ಡ್ ಮಾತಿಗೂ ಬರೆಹಕ್ಕೂ ಪ್ರತ್ಯೇಕ ಕೊಠಡಿಗಳನ್ನು ಒದಗಿಸುತ್ತದೆ. ೨೦೧೨ರಲ್ಲಿ ಆರಂಭವಾದ ರೋಲ್‌ಟ್ವೆಂಟಿಯೂ ೨೦೨೦ರಲ್ಲಿ ಬಿಡುಗಡೆಯಾದ ಫೌಂಡ್ರಿಯೂ ಅಂತರ್ಜಾಲದ ಮೇಜುಗಳೇ ಸರಿ. ನಕ್ಷೆ, ನಕ್ಷೆಯ ಮೇಲಿನ ಕಾಯಿಗಳು, ಪಾತ್ರದ ವಿವರಪತ್ರ, ದಾಳ ಇವೆಲ್ಲ ಒಂದೇ ಪರದೆಯ ಮೇಲೆ ಕಾಣುತ್ತವೆ. ಒಬ್ಬನು ಕಾಯಿ ನಡೆಸಿದರೆ ಎಲ್ಲರಿಗೂ ಅದೇ ಕ್ಷಣ ತಿಳಿಯುತ್ತದೆ. ಮೊದಲನೆಯದರಲ್ಲಿ ಹಣ ತೆರದೆ ಆಡುವ ಏರ್ಪಾಡುಂಟು. ಎರಡನೆಯದನ್ನು ಒಮ್ಮೆ ಕೊಳ್ಳಬೇಕು. ಆದರೆ ಕೊಳ್ಳಬೇಕಾದವನು ಸೂತ್ರಧಾರನೊಬ್ಬನೇ. ಕೂಟಕ್ಕೆ ಬರಲಾಗದವನು ಮರುದಿನ ಬಸ್ಸಿನಲ್ಲಿ ಕುಳಿತು ಕಥೆಯ ಟಿಪ್ಪಣಿಯನ್ನು ಓದಿಕೊಳ್ಳಬಹುದು. ಚದರಿದ ಗೆಳೆಯರಿಗೆ ಇದು ಸಣ್ಣ ಉಪಕಾರವಲ್ಲ.

ದಾಳವನ್ನು ನಂಬಬಹುದೆ?

ಯಂತ್ರ ಬೀಳಿಸುವ ದಾಳದ ಬಗ್ಗೆ ಆಟಗಾರರಲ್ಲಿ ಒಂದು ಅಪನಂಬಿಕೆ ಇದೆ. ಈ ಸಂದೇಹ ವಿಜ್ಞಾನದ ವಿದ್ಯಾರ್ಥಿಗೆ ತಕ್ಕದ್ದೇ. ಆದಕಾರಣ ಇದನ್ನು ಸ್ವಲ್ಪ ವಿಚಾರಿಸೋಣ.

ನಮ್ಮ ಮನೆಗಳಲ್ಲಿ ಆಡುವ ಚೌಕಾಬಾರದಲ್ಲಿ ನಾಲ್ಕು ಕವಡೆಗಳನ್ನು ಬಿಡುತ್ತೇವೆ. ಒಂದೊಂದು ಕವಡೆಯೂ ಬಾಯಿ ಮೇಲಾಗಿಯೋ ಕೆಳಗಾಗಿಯೋ ಬೀಳುವುದರಿಂದ ಒಟ್ಟು ಹದಿನಾರು ಬಗೆ. ಎರಡಕ್ಕೂ ಸಮಾನ ಅವಕಾಶವಿದ್ದರೆ, ಹದಿನಾರರಲ್ಲಿ ಒಂದು ಬೀಳುವುದು ೪ ಸಲ, ಎರಡು ೬ ಸಲ, ಮೂರು ೪ ಸಲ, ಚೌಕ ೧ ಸಲ, ಬಾರ ೧ ಸಲ. ಆದರೆ ಕವಡೆಯ ಬೆನ್ನು ಉಬ್ಬು, ಬಾಯಿ ಚಪ್ಪಟೆ. ಎರಡಕ್ಕೂ ಸಮಾನ ಅವಕಾಶವಿದೆಯೆಂದು ಊಹಿಸಲು ಕಾರಣವಿಲ್ಲ. ಓದುಗರು ಒಂದೇ ಕವಡೆಯನ್ನು ಇನ್ನೂರು ಸಲ ಬಿಟ್ಟು ಬರೆದಿಟ್ಟುಕೊಂಡರೆ ನಿಜ ತಿಳಿಯುತ್ತದೆ. ಮರದ ದಾಳಕ್ಕೂ ಇದೇ ಮಾತು. ಚನ್ನಪಟ್ಟಣದ ಕುಶಲಕರ್ಮಿ ತಿರುಗುವ ಮರಕ್ಕೆ ಉಳಿ ಹಿಡಿದು ಆಕಾರ ತಂದು, ಬಣ್ಣದ ಅರಗಿನ ಕಡ್ಡಿಯನ್ನು ಒತ್ತಿ ಹಿಡಿಯುತ್ತಾನೆ. ಘರ್ಷಣೆಯ ಶಾಖದಿಂದ ಅರಗು ಕರಗಿ ಮರದ ಮೇಲೆ ಹರಡುತ್ತದೆ. ತಿರುಗಣೆಯಿಂದ ಹುಟ್ಟುವ ವಸ್ತು ಅಕ್ಷದ ಸುತ್ತ ಒಂದೇ ಸಮನಾಗಿರುತ್ತದೆ. ಬುಗುರಿ, ಗಿಲಕಿ, ಮಣಿ ಎಲ್ಲವೂ ದುಂಡು. ಇಪ್ಪತ್ತು ಸಮಮುಖಗಳ ದಾಳ ಆ ವಿಧಾನಕ್ಕೆ ಒಗ್ಗುವುದಿಲ್ಲ. ಆದರೆ ದುಂಡಾದ ಬುಗುರಿಯ ಹೊಟ್ಟೆಯನ್ನು ಹತ್ತು ಸಮ ಮೈಗಳಾಗಿ ಕತ್ತರಿಸಿದರೆ ಹತ್ತರ ದಾಳವಾಯಿತು. ಅದು ತಿರುಗಿ ಒರಗಿದ ಮೈ ನಮ್ಮ ಸಂಖ್ಯೆ. ಪಗಡೆಯ ಉದ್ದನೆಯ ದಾಳವೂ ಇದಕ್ಕೆ ದೂರದ ನೆಂಟನೇ. ಮರದ ಒಳಗಿನ ಸಾಂದ್ರತೆ ಎಲ್ಲೆಡೆ ಒಂದೇ ಆಗಿದ್ದರೆ ಮಾತ್ರ ಇಂಥ ದಾಳ ನ್ಯಾಯವಾದುದು.

ಇನ್ನು ಗಣಕಯಂತ್ರದ ದಾಳ. ಯಂತ್ರ ಲೆಕ್ಕದ ಬಲದಿಂದ ನಡೆಯುವುದು, ಲೆಕ್ಕಕ್ಕೆ ಆಕಸ್ಮಿಕವೆಂಬುದಿಲ್ಲ. ಹಾಗಿದ್ದೂ ಆಕಸ್ಮಿಕದಂತೆ ತೋರುವ ಸಂಖ್ಯೆಗಳನ್ನು ಅದು ಹುಟ್ಟಿಸಬಲ್ಲುದು. ಹೇಗೆಂಬುದನ್ನು ಕಾಗದದ ಮೇಲೆ ಮಾಡಿ ನೋಡಬಹುದು. ೦ಯಿಂದ ೧೫ರವರೆಗಿನ ಒಂದು ಸಂಖ್ಯೆಯನ್ನು ತೆಗೆದುಕೊಳ್ಳಿ. ಅದನ್ನು ೫ರಿಂದ ಗುಣಿಸಿ, ೩ನ್ನು ಕೂಡಿಸಿ, ೧೬ರಿಂದ ಭಾಗಿಸಿ, ಶೇಷವನ್ನು ಇಟ್ಟುಕೊಳ್ಳಿ. ಆ ಶೇಷಕ್ಕೆ ಮತ್ತೆ ಅದೇ ಕ್ರಿಯೆ. ೭ರಿಂದ ಹೊರಟರೆ ೬, ೧, ೮, ೧೧, ೧೦, ೫, ೧೨, ೧೫, ೧೪, ೯, ೦, ೩, ೨, ೧೩, ೪ ಎಂದು ಬಂದು, ಪುನಃ ೭ ಬರುತ್ತದೆ. ಹದಿನಾರೂ ಸಂಖ್ಯೆಗಳು ಒಂದೊಂದು ಸಲ ಬಂದಿವೆ; ಅನುಕ್ರಮವನ್ನು ನೋಡಿದವನಿಗೆ ನಿಯಮವಿದೆಯೆಂದು ಥಟ್ಟನೆ ಹೊಳೆಯುವುದಿಲ್ಲ. ಆದರೆ ಚುರುಕಾದ ಕಣ್ಣಿಗೆ ಒಂದು ಗುಟ್ಟು ಕಾಣುತ್ತದೆ: ಬೆಸ, ಸಮ, ಬೆಸ, ಸಮ ಎಂದು ತಪ್ಪದೆ ಅದಲುಬದಲಾಗುತ್ತಿದೆ. ಇದನ್ನು ಅರಿತ ಆಟಗಾರ ಮುಂದೆ ಬೀಳುವುದನ್ನು ಅರ್ಧದಷ್ಟು ಊಹಿಸಿಬಿಡುತ್ತಾನೆ. ನಿಜವಾಗಿ ಬಳಕೆಯಲ್ಲಿರುವ ವಿಧಾನಗಳು ಇದಕ್ಕಿಂತ ಬಹಳ ಗಟ್ಟಿಯಾದವು. ಜಪಾನಿನ ಮತ್ಸುಮೊಟೊ ಮತ್ತು ನಿಶಿಮುರಾ ೧೯೯೮ರಲ್ಲಿ ಪ್ರಕಟಿಸಿದ ‘ಮರ್ಸೆನ್ ಟ್ವಿಸ್ಟರ್’ ಎಂಬುದನ್ನು ಪೈಥಾನ್ ಭಾಷೆಯೇ ಮೊದಲಾಗಿ ಅನೇಕ ಕಡೆ ಬಳಸುತ್ತಾರೆ. ನಮ್ಮ ಪುಟ್ಟ ಲೆಕ್ಕ ಹದಿನಾರು ಹೆಜ್ಜೆಗೆ ಮರಳಿ ಬಂದರೆ, ಅದು ಮರಳಿ ಬರಲು ೨ರ ೧೯,೯೩೭ನೆಯ ಘಾತಕ್ಕೆ ಒಂದು ಕಡಮೆಯಷ್ಟು ಹೆಜ್ಜೆ ಬೇಕು. ಆ ಸಂಖ್ಯೆಯನ್ನು ಬರೆಯಲು ೬,೦೦೨ ಅಂಕಗಳು ಬೇಕಾಗುತ್ತವೆ. ಆಟದ ಮಟ್ಟಿಗೆ ಇದು ಧಾರಾಳವಾಗಿ ಸಾಕು. ಕವಡೆಗಿಂತ ಯಂತ್ರದ ದಾಳ ಹೆಚ್ಚು ನ್ಯಾಯವಾದುದೆಂದೇ ಹೇಳಬೇಕಾಗುತ್ತದೆ.

ಹೀಗಿರಲು ನಮ್ಮ ಅಭಿಪ್ರಾಯ ಸ್ಪಷ್ಟ: ದೂರದೂರ ಕುಳಿತು ಆಡುವಾಗ ದಾಳವನ್ನು ಯಂತ್ರಕ್ಕೆ ಬಿಡತಕ್ಕದ್ದು. ಬಿದ್ದ ಸಂಖ್ಯೆ ಎಲ್ಲರ ಪರದೆಯ ಮೇಲೂ ಏಕಕಾಲಕ್ಕೆ ಕಾಣುವುದರಿಂದ ಅನುಮಾನಕ್ಕೆ ಎಡೆಯಿರುವುದಿಲ್ಲ. ಒಂದೆಡೆ ಕೂಡಿದಾಗ ಮಾತ್ರ ಮರದ ದಾಳವನ್ನೋ ಕವಡೆಯನ್ನೋ ಹೊರತೆಗೆಯಿರಿ. ಕೈಬಿಟ್ಟ ದಾಳ ಉರುಳಿ ನಿಲ್ಲುವವರೆಗೆ ಐವರೂ ಉಸಿರು ಬಿಗಿಹಿಡಿಯುವ ಸುಖವನ್ನು ಯಂತ್ರ ಕೊಡಲಾರದು.

ಯಂತ್ರಕ್ಕೆ ಒಪ್ಪಿಸಬಾರದ ಕೆಲಸ

ರಾಮನಗರದ ರೇಷ್ಮೆಗೂಡಿನ ಮಾರುಕಟ್ಟೆಯಿಂದ ಈ ವಿಷಯದಲ್ಲಿ ಒಂದು ಪಾಠವನ್ನು ಕಲಿಯಬಹುದು. ಹಿಂದೆ ಕೂಗಿ ನಡೆಸುತ್ತಿದ್ದ ಹರಾಜು ಈಗ ವಿದ್ಯುನ್ಮಾನ ಹರಾಜಾಗಿದೆ. ನೂಲು ಬಿಚ್ಚುವ ರೀಲರು ತಮ್ಮ ಮೊಬೈಲಿನಲ್ಲಿ ಲಾಟಿನ ಸಂಖ್ಯೆಗೆ ಬೆಲೆಯನ್ನು ನಮೂದಿಸುತ್ತಾರೆ. ಅವುಗಳಲ್ಲಿ ಹೆಚ್ಚಿನದು ಯಾವುದೆಂದು ಯಂತ್ರ ಹೇಳುತ್ತದೆ. ಆದರೆ ಬೆಲೆ ಹಾಕುವ ಮುನ್ನ ಗೂಡನ್ನು ಕೈಯಲ್ಲಿ ಹಿಡಿದು, ಅದರ ಗಟ್ಟಿತನವನ್ನು ಒತ್ತಿ ನೋಡುವವನು ರೀಲರನೇ. ಬಂದ ಬೆಲೆಗೆ ಒಪ್ಪುವ ಅಥವಾ ಒಲ್ಲೆನೆನ್ನುವ ಹಕ್ಕು ರೈತನದೇ. ಎಣಿಕೆ ಯಂತ್ರಕ್ಕೆ ಹೋಯಿತು, ಪರೀಕ್ಷೆಯೂ ಒಪ್ಪಿಗೆಯೂ ಮನುಷ್ಯರಲ್ಲಿ ಉಳಿದವು. ಪಾತ್ರದಾಟದಲ್ಲಿಯೂ ಈ ಗೆರೆಯನ್ನೇ ಎಳೆಯಬೇಕೆಂಬುದು ನಮ್ಮ ವಾದ.

ಗೆರೆ ಮೊದಲು ಅಳಿಸಿಹೋಗುವುದು ನಕ್ಷೆಯ ಕಡೆಯಿಂದ. ಅಂತರ್ಜಾಲದ ಮೇಜಿನ ಮೇಲೆ ಬಣ್ಣಬಣ್ಣದ ನಕ್ಷೆ ಬರುತ್ತದೆ; ದೀಪ ಹಿಡಿದ ಪಾತ್ರಕ್ಕೆ ಎಷ್ಟು ದೂರ ಕಾಣುವುದೆಂಬುದನ್ನು ಕೂಡ ಯಂತ್ರವೇ ಲೆಕ್ಕಹಾಕಿ ಬೆಳಕನ್ನೂ ಕತ್ತಲನ್ನೂ ಹರಡುತ್ತದೆ. ನೋಡಲು ಸೊಗಸೇ. ಆದರೆ ಕಣ್ಣಿಗೆ ಎಲ್ಲವೂ ಕಂಡುಬಿಟ್ಟ ಮೇಲೆ ಆಟಗಾರ ಸೂತ್ರಧಾರನನ್ನು ಪ್ರಶ್ನಿಸುವುದನ್ನು ನಿಲ್ಲಿಸುತ್ತಾನೆ. “ಬಂಡೆಯಲ್ಲಿ ಬಿರುಕಿದೆಯೆ?” ಎಂದು ಕೇಳುತ್ತಿದ್ದವಳು ಈಗ ಕಾಯಿಯನ್ನು ನಾಲ್ಕು ಮನೆ ಮುಂದಕ್ಕೆ ತಳ್ಳಿ ಸುಮ್ಮನಾಗುತ್ತಾಳೆ. ನಕ್ಷೆಯಲ್ಲಿ ಬರೆದಿರದ ಬಿರುಕು ಅವಳ ಪಾಲಿಗೆ ಇಲ್ಲವೇ ಇಲ್ಲ. ತಾಳಮದ್ದಳೆಯಲ್ಲಿ ಕಿರೀಟವಿಲ್ಲದ ಕರ್ಣ ನಮಗೆ ಕಾಣುವುದು ಮಾತಿನ ಬಲದಿಂದ. ಪಾತ್ರದಾಟದ ಶಕ್ತಿಯೂ ಅಲ್ಲಿಯೇ ಇದೆ. ಯುದ್ಧದಂಥ ಗೋಜಲಿನ ಸಂದರ್ಭಕ್ಕೆ ನಕ್ಷೆಯಿರಲಿ. ಉಳಿದಂತೆ ಪರದೆ ಖಾಲಿಯಾಗಿದ್ದರೆ ನಷ್ಟವಿಲ್ಲ, ಲಾಭವೇ ಹೆಚ್ಚು.

ಎರಡನೆಯ ಅಪಾಯ ಈಚಿನದು. ಕೇಳಿದ ಪ್ರಶ್ನೆಗೆ ಬರೆದು ಉತ್ತರಿಸುವ ಕೃತಕ ಬುದ್ಧಿಮತ್ತೆಯ ಯಂತ್ರಗಳು ಈಗ ಎಲ್ಲರಿಗೂ ದೊರೆಯುತ್ತಿವೆ. “ನೀನೇ ಸೂತ್ರಧಾರನಾಗು” ಎಂದರೆ ಅವು ಆ ಕೆಲಸಕ್ಕೂ ಒಪ್ಪುತ್ತವೆ. ಇಪ್ಪತ್ತು ಅಂಗಡಿಗಳಿಗೆ ಹೆಸರಿಡಲು, ಕಳೆದ ಕೂಟದ ಟಿಪ್ಪಣಿಯನ್ನು ಹತ್ತು ಸಾಲಿಗೆ ಇಳಿಸಲು ಅವನ್ನು ಬಳಸುವುದರಲ್ಲಿ ನಮಗೆ ಆಕ್ಷೇಪವಿಲ್ಲ. ಕಥೆಯನ್ನು ನಡೆಸುವ ಹೊಣೆಯನ್ನು ಮಾತ್ರ ಕೊಡಕೂಡದು. ಸೂತ್ರಧಾರನ ಮುಖ್ಯ ಗುಣ ಕಥೆ ಹೇಳುವುದಕ್ಕಿಂತ ಹೆಚ್ಚಾಗಿ ಕೇಳಿಸಿಕೊಳ್ಳುವುದರಲ್ಲಿದೆ. ಈ ದಿನ ಒಬ್ಬನ ಧ್ವನಿ ಉಡುಗಿದೆ, ಇವನ ಪಾತ್ರಕ್ಕೆ ಒಂದು ಗೆಲುವನ್ನು ಕೊಡಬೇಕು. ಮತ್ತೊಬ್ಬಳು ಮೂರು ವಾರದಿಂದ ಯಾರೊಡನೆಯೂ ಜಗಳವಾಡದೆ ಬೇಸತ್ತಿದ್ದಾಳೆ, ಆಕೆಗೊಬ್ಬ ಎದುರಾಳಿ ಬೇಕು. ಹೀಗೆಂದು ಅರಿಯಬಲ್ಲವನು ಅವರ ಗೆಳೆಯನೇ. ಅಲ್ಲದೆ ಆ ಯಂತ್ರಗಳು ಕಲಿತಿರುವ ಬರೆಹದಲ್ಲಿ ಇಂಗ್ಲಿಷಿನದೇ ದೊಡ್ಡ ಪಾಲು. ಅವು ತಾವಾಗಿ ತರುವ ಕಥೆಯಲ್ಲಿ ಹಿಮ ಬೀಳುವ ಕೋಟೆಗಳೂ ರೆಕ್ಕೆಯ ಘಟಸರ್ಪಗಳೂ ಬರುವಷ್ಟು ಸುಲಭವಾಗಿ ಅರ್ಕಾವತಿಯ ಹೊಳೆದಂಡೆ ಬರುವುದಿಲ್ಲ.

ಮೂರನೆಯ ವಿಷಯ ದಾಖಲೆಯ ಒಡೆತನ. ಕಥಾಮಾಲೆಯೊಂದು ಎರಡು ವರ್ಷ ನಡೆದರೆ ಅದರ ಟಿಪ್ಪಣಿ ಒಂದು ಪುಸ್ತಕದಷ್ಟಾಗುತ್ತದೆ. ಅದನ್ನು ಸಂಪೂರ್ಣವಾಗಿ ಯಾವುದೋ ಒಂದು ಕಂಪನಿಯ ಯಂತ್ರದಲ್ಲಿ ಇಡುವುದು ಬಾಡಿಗೆ ಮನೆಯ ಗೋಡೆಯ ಮೇಲೆ ವಂಶಾವಳಿಯನ್ನು ಬರೆದಂತೆ. ಗೂಗಲ್ ಪ್ಲಸ್ ಎಂಬ ತಾಣದಲ್ಲಿ ಪಾತ್ರದಾಟದ ಅನೇಕ ಬಳಗಗಳು ನೆಲೆಸಿದ್ದವು. ೨೦೧೯ರ ಏಪ್ರಿಲ್ ೨ರಂದು ಸಾರ್ವಜನಿಕರ ಪಾಲಿಗೆ ಅದು ಮುಚ್ಚಿಹೋಯಿತು. ಮುಂಚಿತವಾಗಿ ಪ್ರತಿ ತೆಗೆದಿಟ್ಟುಕೊಂಡವರಿಗೆ ಅವರ ಮಾತು ಉಳಿಯಿತು, ಉಳಿದವರಿಗೆ ಇಲ್ಲ. ಆದ್ದರಿಂದ ಪ್ರತಿ ಕೂಟದ ಬಳಿಕ ಟಿಪ್ಪಣಿಯ ಒಂದು ಪ್ರತಿ ಸರಳ ಪಠ್ಯದ ಕಡತವಾಗಿ ನಿಮ್ಮ ಕೈಯಲ್ಲಿರಲಿ. ಕನ್ನಡ ಲಿಪಿಗೆ ಯೂನಿಕೋಡಿನಲ್ಲಿ ನೆಲೆ ಸಿಕ್ಕಿ ದಶಕಗಳಾಗಿವೆ. ಆ ಕಡತ ನಾಳೆ ಯಾವ ಯಂತ್ರದಲ್ಲಾದರೂ ತೆರೆಯುತ್ತದೆ. ಆಗಾಗ ಒಂದು ನೋಟುಪುಸ್ತಕಕ್ಕೂ ನಕಲು ಮಾಡಿದರೆ ಇನ್ನೂ ಒಳ್ಳೆಯದು.

ಎರಡು ಆಕ್ಷೇಪಗಳು

ತಂದೆತಾಯಿಗಳಿಂದ ಬರುವ ಆಕ್ಷೇಪಣೆಯನ್ನು ಹಗುರವಾಗಿ ಕಾಣಬಾರದು. ‘ಆನ್‌ಲೈನ್ ಆಟ’ವೆಂಬ ಮಾತು ಕಿವಿಗೆ ಬಿದ್ದೊಡನೆ ಪಣವಿಟ್ಟು ಆಡುವ ರಮ್ಮಿಯೂ ಅದರಿಂದ ಹಾಳಾದ ಮನೆಗಳೂ ಅವರ ಕಣ್ಣ ಮುಂದೆ ಬರುತ್ತವೆ. ಹಣದ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾಯಿದೆಯನ್ನು ಸಂಸತ್ತು ೨೦೨೫ರ ಆಗಸ್ಟಿನಲ್ಲಿ ಅಂಗೀಕರಿಸಿತೆಂಬುದೇ ಆ ಭಯ ಬರಿದಲ್ಲವೆಂಬುದಕ್ಕೆ ಸಾಕ್ಷಿ. ಪಾತ್ರದಾಟದಲ್ಲಿ ಪಣವಿಲ್ಲ, ಗೆದ್ದವನು ಸೋತವನು ಎಂಬುದೂ ಇಲ್ಲ. ಐವರೂ ಒಂದೇ ಪಕ್ಷ. ಇದನ್ನು ಮಾತಿನಲ್ಲಿ ಹೇಳುವುದಕ್ಕಿಂತ ಒಂದು ಕೂಟವನ್ನು ಮನೆಯವರ ಎದುರಿಗೇ ಗಟ್ಟಿದನಿಯಲ್ಲಿ ನಡೆಸಿ ತೋರಿಸುವುದು ಲೇಸು. ಇನ್ನೊಂದು ಎಚ್ಚರವೂ ಅವಶ್ಯ. ೨೦೨೩ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆ ಹದಿನೆಂಟು ತುಂಬದವರನ್ನು ಮಕ್ಕಳೆಂದೇ ಎಣಿಸುತ್ತದೆ. ಅವರ ವಿವರಗಳನ್ನು ಬಳಸಲು ಪೋಷಕರ ಸಮ್ಮತಿ ಬೇಕೆನ್ನುತ್ತದೆ. ಪ್ರೌಢಶಾಲೆಯ ವಿದ್ಯಾರ್ಥಿಗಳು ಮನೆಯವರಿಗೆ ತಿಳಿಸದೆ ಖಾತೆ ತೆರೆಯಕೂಡದು. ಮುಖಪರಿಚಯವಿಲ್ಲದವರನ್ನು ಕೂಟಕ್ಕೆ ಸೇರಿಸಲೂ ಕೂಡದು.

ಮತ್ತೊಂದು ಆಕ್ಷೇಪಣೆ ಹಳೆಯ ಆಟಗಾರರದು: ಮುಖಾಮುಖಿ ಕೂಡದ ಆಟ ಆಟವೇ ಅಲ್ಲವೆಂದು. ಇದರಲ್ಲಿ ನಿಜಾಂಶವಿದೆ. ಒಬ್ಬರ ಮಾತಿನ ಮೇಲೆ ಮತ್ತೊಬ್ಬರ ಮಾತು ಬಿದ್ದು ಕೆಡುವುದು, ಸಂಪರ್ಕ ಕಡಿದು ಧ್ವನಿ ತುಂಡಾಗುವುದು, ಪರದೆಯ ಹಿಂದೆ ಕುಳಿತವನ ಗಮನ ಬೇರೆಡೆ ಜಾರುವುದು – ಇವೆಲ್ಲ ಇದ್ದದ್ದೇ. ಆದರೆ ಮುಖಾಮುಖಿ ಕೂಟವನ್ನೂ ಅಂತರ್ಜಾಲದ ಕೂಟವನ್ನೂ ತಕ್ಕಡಿಯ ಎರಡು ತಟ್ಟೆಗಳಲ್ಲಿಟ್ಟು ತೂಗುವುದು ಈ ನಾಲ್ಕು ಊರಿನ ವಿದ್ಯಾರ್ಥಿಗಳ ಸ್ಥಿತಿಗೆ ಹೊಂದುವುದಿಲ್ಲ. ಅವರ ಮುಂದಿರುವ ಆಯ್ಕೆ ಅಂತರ್ಜಾಲದ ಕೂಟ ಅಥವಾ ಕೂಟವೇ ಇಲ್ಲದಿರುವುದು. ಸಂಜೆಯ ಹೊತ್ತು ಹೆಣ್ಣುಮಕ್ಕಳನ್ನು ಬೇರೆ ಊರಿಗೆ ಕಳುಹಿಸಲು ಹಿಂಜರಿಯುವ ಮನೆಗಳಲ್ಲಂತೂ ಈ ಸಾಧನ ಮುಚ್ಚಿದ್ದ ಬಾಗಿಲನ್ನೇ ತೆರೆದಂತಾಗಿದೆ. ವಾರದ ಕೂಟ ಅಂತರ್ಜಾಲದಲ್ಲಿ ನಡೆಯಲಿ. ಬೇಸಗೆಯ ರಜೆಯಲ್ಲಿ ಒಮ್ಮೆ, ದಸರೆಯಲ್ಲಿ ಒಮ್ಮೆ ಎಲ್ಲರೂ ಒಂದೆಡೆ ಸೇರಲಿ.

ಆಟದ ಭಾಷೆ

ಕೊನೆಯದಾಗಿ, ನಮಗೆ ಎಲ್ಲಕ್ಕಿಂತ ಮುಖ್ಯವೆಂದು ತೋರುವ ಮಾತು. ಮೇಲೆ ಹೆಸರಿಸಿದ ಸಾಧನಗಳನ್ನು ನಡೆಸುವ ಭಾಷೆ ಇಂಗ್ಲಿಷು. ಪ್ರಸಿದ್ಧ ನಿಯಮಾವಳಿಗಳೂ ಇಂಗ್ಲಿಷಿನಲ್ಲಿಯೇ ಇವೆ. ಹೀಗಾಗಿ ಮನೆಯಲ್ಲಿ ಕನ್ನಡವನ್ನು ಮಾತಾಡುವ ಐವರು ಆಟಕ್ಕೆ ಕುಳಿತೊಡನೆ ತಡವರಿಸುತ್ತ ಇಂಗ್ಲಿಷಿಗೆ ಹೊರಳುವುದು ಸಹಜ. ಹೊರಳಿದೊಡನೆ ಮಾತು ಮೊಟಕಾಗುತ್ತದೆ. ಸಿಟ್ಟು, ಸರಸ, ಚೌಕಾಸಿ, ಗೋಳು ಇವು ತಾಯ್ನುಡಿಯಲ್ಲಿ ಬರುವಂತೆ ಬೇರೆ ನುಡಿಯಲ್ಲಿ ಬರುವುದಿಲ್ಲ. ಮಾತೇ ಜೀವಾಳವಾದ ಆಟದಲ್ಲಿ ಇದು ಸಣ್ಣ ಕೊರತೆಯಲ್ಲ. ಇಂಗ್ಲಿಷ್ ಬಲ್ಲವನು ಮುಂದಾಳಾಗಿ, ಬಾರದವನು ಬಾಯಿ ಮುಚ್ಚಿ ಕುಳಿತುಕೊಳ್ಳುವುದು ಇನ್ನೊಂದು ಅನ್ಯಾಯ.

ಇದಕ್ಕೆ ಪರಿಹಾರ ನಮ್ಮ ಕೈಯಲ್ಲೇ ಇದೆ. ‘ಡಂಜನ್ಸ್ ಅಂಡ್ ಡ್ರಾಗನ್ಸ್’ನ ಮೂಲ ನಿಯಮಗಳ ಸಂಗ್ರಹವನ್ನು ಅದರ ಪ್ರಕಾಶಕರು, ಆಟಗಾರರ ದೊಡ್ಡ ಪ್ರತಿಭಟನೆಯ ತರುವಾಯ, ೨೦೨೩ರ ಜನವರಿಯಲ್ಲಿ ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಡಿ ಬಿಡುಗಡೆಮಾಡಿದರು. ಮೂಲವನ್ನು ಹೆಸರಿಸಿದರೆ ಸಾಕು, ಯಾರು ಬೇಕಾದರೂ ಅದನ್ನು ಭಾಷಾಂತರಿಸಿ ಹಂಚಬಹುದು. ಚನ್ನಪಟ್ಟಣದ ಒಂದು ಕಾಲೇಜಿನ ಹತ್ತು ವಿದ್ಯಾರ್ಥಿಗಳು ಮನಸ್ಸುಮಾಡಿದರೆ ಅದರ ಸಾರವನ್ನು ಒಂದು ಬೇಸಗೆಯ ರಜೆಯಲ್ಲಿ ಮೂವತ್ತು ಪುಟದ ಕನ್ನಡ ಪುಸ್ತಿಕೆಯಾಗಿ ಇಳಿಸಬಹುದು. ಭಾಷಾಂತರವೇ ಏಕೆ? ಹೊಸ ಆಟವನ್ನು ಕಟ್ಟುವುದು ಈ ನಾಡಿಗೆ ಹೊಸದಲ್ಲ. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು (೧೭೯೪–೧೮೬೮) ಹಲವು ಹಾಸಿನಾಟಗಳನ್ನು ತಾವೇ ರಚಿಸಿದವರು. ಅವರ ‘ಶ್ರೀತತ್ತ್ವನಿಧಿ’ಯ ಒಂಬತ್ತು ನಿಧಿಗಳಲ್ಲಿ ಕೌತುಕನಿಧಿಯಲ್ಲಿ ಆಟಗಳ ವಿವರವಿದೆ. ನಾಲ್ಕು ಕವಡೆಯನ್ನೇ ದಾಳವಾಗಿ ಇಟ್ಟುಕೊಂಡು, ಮೇಲೆ ಕೊಟ್ಟ ಹದಿನಾರರ ಲೆಕ್ಕದ ಮೇಲೆ ಗೆಲುವು ಸೋಲುಗಳನ್ನು ಹಂಚಿ, ಹತ್ತು ನಿಯಮಗಳ ಕನ್ನಡ ಪಾತ್ರದಾಟವೊಂದನ್ನು ಏಕೆ ಕಟ್ಟಬಾರದು?

ಕಥೆಯ ನೆಲಕ್ಕಂತೂ ಬರವಿಲ್ಲ. ರಾಮನಗರದ ಬಂಡೆಗಳ ನಡುವೆ ‘ಶೋಲೆ’ ಚಿತ್ರದವರು ಇಲ್ಲದ ಊರೊಂದನ್ನು ಕಟ್ಟಿ ನಿಲ್ಲಿಸಿದರು. ೧೯೭೫ರಿಂದ ಇಂದಿನವರೆಗೆ ದೇಶವೇ ಅದನ್ನು ನಿಜವೆಂಬಂತೆ ನೆನೆಯುತ್ತಿದೆ. ರಾಮದೇವರ ಬೆಟ್ಟದಲ್ಲಿ ರಣಹದ್ದುಗಳ ಧಾಮವಿದೆ, ಮಾಗಡಿಯಲ್ಲಿ ಕೆಂಪೇಗೌಡರ ವಂಶದ ಕೋಟೆಯಿದೆ, ಕನಕಪುರದ ದಕ್ಷಿಣಕ್ಕೆ ಅರ್ಕಾವತಿ ಕಾವೇರಿಯನ್ನು ಕೂಡುವ ಸಂಗಮವೂ ಮೇಕೆದಾಟೂ ಇವೆ, ಎಚ್. ಎಲ್. ನಾಗೇಗೌಡರು ಕಟ್ಟಿದ ಜಾನಪದ ಲೋಕದಲ್ಲಿ ಒಂದು ಇಡೀ ಜನಜೀವನದ ಸಾಮಗ್ರಿ ಕೂಡಿಬಂದಿದೆ. ಸೂತ್ರಧಾರನಾಗಬಯಸುವವನು ಅಲ್ಲಿ ಒಂದು ದಿನ ಅಡ್ಡಾಡಿ ಬಂದರೆ ಒಂದು ವರ್ಷದ ಕಥೆಗೆ ಬೇಕಾದಷ್ಟು ಕೈಗೆ ಹತ್ತುತ್ತದೆ.

ಆರಂಭಿಸುವವರಿಗೆ ನಮ್ಮ ಸಲಹೆ ಚಿಕ್ಕದು. ಐವರಿಗಿಂತ ಹೆಚ್ಚು ಬೇಡ. ವಾರದ ದಿನ ಒಂದೇ ಇರಲಿ. ಒಬ್ಬರು ತಪ್ಪಿದರೂ ಕೂಟ ನಡೆಯಲಿ, ಇಬ್ಬರು ತಪ್ಪಿದರೆ ಮಾತ್ರ ಮುಂದಕ್ಕೆ ಹಾಕಿರಿ. ಅದೇ ಲೆಕ್ಕದಂತೆ ಈ ಒಂದು ನಿಯಮದಿಂದ ಕೂಟ ನಡೆಯುವ ಸಂಭಾವ್ಯತೆ ನೂರಕ್ಕೆ ೩೩ರಿಂದ ಸುಮಾರು ೭೪ಕ್ಕೆ ಏರುವುದನ್ನು ಗಣಿತ ಬಲ್ಲ ಓದುಗರು ತಾವೇ ಸಾಧಿಸಿ ನೋಡಬಹುದು. ಮೊದಲ ತಿಂಗಳು ಧ್ವನಿಯ ಕರೆ, ಹಂಚಿಕೆಯ ಟಿಪ್ಪಣಿ, ಯಂತ್ರದ ದಾಳ, ಈ ಮೂರೇ ಸಾಕು. ನಕ್ಷೆಯ ಮೇಜು ಬೇಕೆನಿಸಿದಾಗ ಬರಲಿ. ಟಿಪ್ಪ‍ಣಿ ಬರೆಯುವ ಸರದಿ ವಾರಕ್ಕೊಬ್ಬರದು, ಬರೆಹ ಕನ್ನಡದಲ್ಲಿ. ದಿನಗೊತ್ತು, ದಾಳ, ಕೂಡುಕಳೆಯುವ ಲೆಕ್ಕ ಇವನ್ನು ಯಂತ್ರ ನಮಗಿಂತ ಚೆನ್ನಾಗಿ ಮಾಡುತ್ತದೆ, ಮಾಡಲಿ. ಕೋಟೆಯಿಂದ ಇಳಿದವಳ ಕೈಯಲ್ಲಿರುವ ಪತ್ರವನ್ನು ಯಾರಿಗೆ ಮುಟ್ಟಿಸಬೇಕೆಂಬುದನ್ನು ಮಾತ್ರ ಐವರು ಗೆಳೆಯರು ತಮ್ಮ ತಮ್ಮಲ್ಲಿ ವಾದಿಸಿ, ತಮ್ಮ ಮಾತಿನಲ್ಲಿ, ತಾವೇ ತೀರ್ಮಾನಿಸತಕ್ಕದ್ದು.